ಬಿರುಕು ಬಿಟ್ಟ ಫ್ರೇಮು

ಐಶ್ವರ್ಯ ಮುರಿದ ಸೈಕಲ್ಲನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ತುಕ್ಕಾನಟ್ಟಿಯಿಂದ ಗೋಕಾಕದ ಶೆಡ್ಡಿಗೆ ಬಂದ ದಿನ ಮಾಲಕ ಕುಂಥುನಾಥ ಕೊಲ್ಹಾಪುರಕ್ಕೆ ಹೋಗಿದ್ದರು. ಅಲ್ಲಿ ಕೆಲಸಕ್ಕಿದ್ದ ಸುಜಾತಾ ಒಬ್ಬಳೇ ಇದ್ದಳು. ಇಬ್ಬರೂ ಅಕ್ಕತಂಗಿಯರ ಮಕ್ಕಳು. ಐಶ್ವರ್ಯಳಿಗೆ ಸೈಕಲ್ ಕಲಿಸಿದವಳೇ ಸುಜಾತಾ.

"ನಾಯಿ ಅಡ್ಡ ಬಂತಕ್ಕಾ. ನನಗೇನೂ ಆಗಿಲ್ಲ, ಇದಕ್ಕ ಆತು," ಎಂದು ಐಶ್ವರ್ಯ ಫ್ರೇಮಿನ ಕೆಳಗಿನ ಕೊಳವೆಯ ಮೇಲಿನ ಬಿರುಕನ್ನು ತೋರಿಸಿದಳು. "ಮುಂದಿನ ಐತವಾರ ಜಿಲ್ಲಾ ಸೆಲೆಕ್ಷನ್ ಐತಿ. ಅಷ್ಟರಾಗ ಆಗ್ತೈತೇನ?"

ಕಪ್ಪು ಕಾರ್ಬನ್ ಸೈಕಲ್ಲು ಅದು. ಹೋದ ವರ್ಷ ಐಶ್ವರ್ಯ ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾದಾಗ ಊರವರೆಲ್ಲ ಸೇರಿ ಕೊಡಿಸಿದ್ದರು. ಅದೇ ಹಾಸ್ಟೆಲಿನ ಆಯ್ಕೆಗೆ ತನ್ನ ಕಾಲದಲ್ಲಿ ಸುಜಾತಾ ಕೂಡ ಹೋಗಿದ್ದಳು, ತನ್ನ ಕೆಂಪು ಉಕ್ಕಿನ ಸೈಕಲ್ಲಿನ ಮೇಲೆ. ಆಗಲಿಲ್ಲ. ನನಗೂ ಕಾರ್ಬನ್ ಸೈಕಲ್ ಇದ್ದಿದ್ದರೆ ಎನ್ನುವ ಮಾತನ್ನು ಅವಳು ಅಂದಿನಿಂದ ಎಷ್ಟು ಸಲ ಮನಸ್ಸಿನಲ್ಲೇ ಆಡಿಕೊಂಡಿದ್ದಳೋ.

ಈಗ ದಿನವಿಡೀ ಅವಳ ಕೈಯಲ್ಲಿರುವುದೇ ಕಾರ್ಬನ್. ಕಬ್ಬಿಗೆ ಔಷಧಿ ಹೊಡೆಯುವ ಡ್ರೋನುಗಳ ತೋಳುಗಳನ್ನು ಆ ಶೆಡ್ಡಿನಲ್ಲಿ ಮಾಡುತ್ತಿದ್ದರು. ಪೆನ್ಸಿಲ್ಲಿನ ಕಡ್ಡಿಯಲ್ಲಿ ಗೀಚಿದರೆ ಉದುರುವ ಪದಾರ್ಥವೇ ಇಲ್ಲಿ ಕೂದಲಿಗಿಂತ ಸಣ್ಣ ಎಳೆಯಾಗಿ, ನೇಯ್ದ ಕಪ್ಪು ಬಟ್ಟೆಯಾಗಿ ಬರುತ್ತಿತ್ತು. ಸುಜಾತಾ ಅದನ್ನು ಕತ್ತರಿಸಿ, ಅಚ್ಚಿನೊಳಗೆ ಒಂದು ಪದರ ನೆಟ್ಟಗೆ, ಮೇಲಿನದು ಓರೆ, ಹೀಗೆ ಹಾಸುತ್ತಿದ್ದಳು. ಎಳೆ ತನ್ನ ಉದ್ದಕ್ಕೆ ಮಾತ್ರ ಗಟ್ಟಿ, ಅಡ್ಡಕ್ಕೆ ಅಲ್ಲ. ಪದರಪದರಕ್ಕೂ ರೆಸಿನ್ ಎಂಬ ಅಂಟು ಸವರಿ, ಪ್ಲಾಸ್ಟಿಕ್ ಚೀಲ ಮುಚ್ಚಿ, ಪಂಪಿನಿಂದ ಗಾಳಿಯನ್ನೆಲ್ಲ ಎಳೆದು, ಒಲೆಯ ಪೆಟ್ಟಿಗೆಯಲ್ಲಿ ಕಾಯಿಸಿದರೆ ಉಕ್ಕಿನಂಥ ಗಟ್ಟಿ, ಬಿದಿರಿನಷ್ಟು ಹಗುರದ ತೋಳು ಸಿದ್ಧ. ಮುರಿದ ಸೈಕಲ್ ಫ್ರೇಮುಗಳೂ ಆಗಾಗ ಬರುತ್ತಿದ್ದವು. ಎಷ್ಟೋ ಜನರ ಸೈಕಲ್ಲುಗಳು ಅವಳ ಕೈಯಲ್ಲಿ ಸರಿಯಾಗಿ ಹೋಗಿದ್ದವು. ಒಂದನ್ನೂ ಅವಳು ಹತ್ತಿ ನೋಡಿರಲಿಲ್ಲ.

ಸುಜಾತಾ ನಾಣ್ಯದಿಂದ ಕೊಳವೆಯ ಉದ್ದಕ್ಕೂ ಬಡಿಯುತ್ತ ಹೋದಳು. ಠಣ್, ಠಣ್. ಬಿರುಕಿನ ಹತ್ತಿರ ಮಾತ್ರ ದೊಪ್ ಎಂದಿತು. ಎರಡು ಬೆರಳಗಲದ ಪೆಟ್ಟು. ಬಣ್ಣ ಉಜ್ಜಿ ತೆಗೆದು ಹೊಸ ಬಟ್ಟೆ ಸುತ್ತಿ ಕಾಯಿಸಿದರೆ ಮುಗಿಯಿತು. ಅದು ಅವಳಿಗೆ ಗೊತ್ತಿತ್ತು.

"ಆಗೂದಿಲ್ಲವಾ," ಎಂದಳು. "ಒಳಗ ಎಳಿ ಪೂರಾ ಹರದಾವ. ಇದರ ಮ್ಯಾಲ ಹತ್ತಿದ್ರ ಜೀವಕ್ಕ ಅಪಾಯ."

ಐಶ್ವರ್ಯ ಅಲ್ಲೇ ಕುಳಿತು ಅತ್ತಳು. ಸುಜಾತಾ ನೀರು ತಂದುಕೊಟ್ಟಳು. ತಂಗಿ ಅಳುವುದನ್ನು ನೋಡಿ ಅವಳಿಗೆ, ಖರೆ ಹೇಳಬೇಕೆಂದರೆ, ಹಿತವೇ ಆಯಿತು.

ಆದರೆ ಕಣ್ಣು ಒರೆಸಿಕೊಂಡು ಐಶ್ವರ್ಯ ಕೇಳಿದ್ದು, "ಹಂಗಾದ್ರ ನಿನ್ನ ಹಳೇ ಸೈಕಲ್ ಕೊಡ್ತಿಯೇನಕ್ಕಾ?"

ಇಲ್ಲ ಎನ್ನಲು ಕಾರಣ ಹೊಳೆಯಲಿಲ್ಲ. ಕುಲಗೋಡದ ಮನೆಯಲ್ಲಿ ಸುಜಾತಾಳ ತಾಯಿ ಗೌರವ್ವ ಅದನ್ನು ಖುಷಿಯಿಂದಲೇ ಹೊರಗೆ ತಂದರು. "ಒಯ್ಯವಾ. ಸುಮ್ನ ಗ್ವಾಡಿಗಿ ನಿಂತು ತುಕ್ಕ ಹಿಡ್ಯಾಕತ್ತಿತ್ತು."

ಭಾನುವಾರ ಮೂಡಲಗಿಯಿಂದ ಗೋಕಾಕದವರೆಗೆ ಜಿಲ್ಲಾ ಆಯ್ಕೆಯ ಸ್ಪರ್ಧೆ. ಸುಜಾತಾ ಮುಕ್ತಾಯದ ಗೆರೆಯ ಬಳಿ ನಿಂತಿದ್ದಳು. ಹುರಿದುಂಬಿಸಲು ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿದ್ದಳು. ನಿಜವಾಗಿ ಬಂದದ್ದು ತಂಗಿ ಸೋಲುವುದನ್ನು ನೋಡಲು. ಮೊದಲ ಮೂವರು ಕಾರ್ಬನ್ ಸೈಕಲ್ಲುಗಳ ಮೇಲೆ ಸುಯ್ಯೆಂದು ಹೋದರು. ರಾಜ್ಯ ಮಟ್ಟಕ್ಕೆ ನಾಲ್ವರಿಗೆ ಅವಕಾಶ. ನಾಲ್ಕನೆಯದಾಗಿ ತಿರುವಿನಲ್ಲಿ ಕಾಣಿಸಿದ್ದು ತನ್ನದೇ ಕೆಂಪು ಸೈಕಲ್ಲು. ಐಶ್ವರ್ಯ ಸೀಟಿನಿಂದ ಎದ್ದು ನಿಂತು ತುಳಿಯುತ್ತ ನಾಲ್ಕನೆಯವಳಾಗಿಯೇ ಗೆರೆ ದಾಟಿದಳು.

ಜನ ಚಪ್ಪಾಳೆ ಹೊಡೆದರು. ಸುಜಾತಾಳ ಕೈ ಮೇಲೇಳಲಿಲ್ಲ. ಇಷ್ಟು ವರ್ಷ ತಪ್ಪನ್ನೆಲ್ಲ ಆ ಸೈಕಲ್ಲಿನ ಮೇಲೆ ಹೊರಿಸಿ ನೆಮ್ಮದಿಯಾಗಿದ್ದಳು. ಇನ್ನು ಹಾಗೆ ಹೇಳಿಕೊಳ್ಳಲಾಗದು. ತಂಗಿ ಹಾಸ್ಟೆಲ್ಲು ಪಡೆದಾಗ, ಹೊಸ ಸೈಕಲ್ಲು ಪಡೆದಾಗ ಉರಿದದ್ದಕ್ಕಿಂತ ಹೆಚ್ಚು ಅವಳಿಗೆ ಅಂದು ಉರಿಯಿತು.

ಐಶ್ವರ್ಯ ಓಡಿ ಬಂದು ತಬ್ಬಿಕೊಂಡಳು. "ನಿನ್ನ ಗಾಡಿ ಭಾಳ ಚಲೋ ಐತಿ ಅಕ್ಕಾ!"

ಆ ಮಾತು ರಾತ್ರಿಯೆಲ್ಲ ಚುಚ್ಚಿತು. ಮರುದಿನ ಸುಜಾತಾ ಶೆಡ್ಡಿನ ಮೂಲೆಯಲ್ಲೇ ಉಳಿದಿದ್ದ ತಂಗಿಯ ಫ್ರೇಮನ್ನು ಮೇಜಿನ ಮೇಲಿಟ್ಟಳು. ಒಡೆದ ಎಳೆಗಳನ್ನು ಗಟ್ಟಿ ಭಾಗ ಸಿಗುವವರೆಗೂ ಉಜ್ಜಿದಳು. ಒಂದರ ಮೇಲೊಂದು ಸ್ವಲ್ಪ ಅಗಲವಾಗುತ್ತ ಹೋಗುವಂತೆ ಪಟ್ಟಿಗಳನ್ನು ಕತ್ತರಿಸಿ ನೆಟ್ಟಗೆ, ಓರೆಗೆ ಸುತ್ತಿದಳು. ಒಂದು ಗುಳ್ಳೆಯೂ ಉಳಿಯದಂತೆ ಬೆರಳಿನಿಂದ ಒತ್ತಿದಳು. ನೋಡುತ್ತ ನಿಂತ ಕುಂಥುನಾಥ, "ಇದು ಕೆಲಸಕ್ಕ ಬರೂದಿಲ್ಲ ಅಂದಿದ್ದೆಲ್ಲವಾ?" ಎಂದರು.

"ಸುಳ್ಳ ಹೇಳಿದ್ದೆ ಕಾಕಾ."

ಅವರು ಸುತ್ತಿದ ಪಟ್ಟಿಯನ್ನು ಬಾಗಿ ನೋಡಿದರು. "ನನಗ ಹೇಳಿದ್ರ ಮುಗೀತೇನ? ಆ ಹುಡುಗಿಗೆ ಹೇಳು."

ಫ್ರೇಮು ಕಾಯ್ದು ಸಿದ್ಧವಾದ ಮೇಲೆ ಸುಜಾತಾ ಐಶ್ವರ್ಯಳನ್ನು ಶೆಡ್ಡಿಗೆ ಕರೆಸಿ ಸುತ್ತುಬಳಸದೆ ಹೇಳಿದಳು. "ಅವತ್ತ ರಿಪೇರಿ ಆಗ್ತಿತ್ತು. ನನಗ ಹೊಟ್ಟಿಕಿಚ್ಚಾತು. ಅದಕ್ಕ ಇಲ್ಲಂದೆ."

ಐಶ್ವರ್ಯ ಎರಡು ಹೆಜ್ಜೆ ಹಿಂದೆ ಸರಿದಳು. "ನಾ ನಿನ್ನ ಮುಂದ ಕುಂತ ಅತ್ತೆ. ನೀ ನೀರ ಕೊಟ್ಟಿ." ಫ್ರೇಮನ್ನು ಮುಟ್ಟಲೂ ಇಲ್ಲ. "ಈಗ ನೀ ಮಾಡಿದ್ದನ್ನ ನಾ ಹೆಂಗ ನಂಬ್ಲಿ? ಇಳುಕಲಿನ್ಯಾಗ ಮುರದ್ರ?"

"ನಾನ ಹತ್ತಿ ಇಳೀತೇನಿ. ನೀ ನಿಂತ ನೋಡು."

ಚಕ್ರ ಜೋಡಿಸಿ ಗೋಕಾಕ ಫಾಲ್ಸ್ ಕಡೆಯ ಇಳಿಜಾರಿಗೆ ಹೋದರು. ಸುಜಾತಾ ಬ್ರೇಕು ಮುಟ್ಟದೆ ಬಿಟ್ಟಳು. ಹೊಂಡದ ಮೇಲೆ ಬೇಕೆಂದೇ ಹಾರಿಸಿದಳು. ಫ್ರೇಮು ಕಿರ್ ಎನ್ನಲಿಲ್ಲ. ತುಳಿದ ಬಲವೆಲ್ಲ ನೇರ ಚಕ್ರಕ್ಕೆ ಹೋಗುತ್ತಿತ್ತು, ನಡುವೆ ಏನೂ ಇಲ್ಲವೇನೋ ಎಂಬಂತೆ. ಎಷ್ಟು ಹಗುರ! ಕೆಳಗೆ ಮುಟ್ಟಿದಾಗ ಅವಳಿಗೆ ಇಳಿಯಲು ಮನಸ್ಸಾಗಲಿಲ್ಲ. ಇದು ನನ್ನದಾಗಿದ್ದರೆ ಎಂದು ಮತ್ತೆ ಅನಿಸಿತು. ಆದರೂ ತುಳಿದುಕೊಂಡು ಮೇಲೆ ಬಂದು ಹ್ಯಾಂಡಲನ್ನು ತಂಗಿಯ ಕೈಗೆ ಕೊಟ್ಟಳು. ಐಶ್ವರ್ಯ ಹತ್ತಿ ಹೊರಟುಹೋದಳು.

ತಿಂಗಳಾದ ಮೇಲೆ ರಾಜ್ಯ ಸ್ಪರ್ಧೆಯ ಸುದ್ದಿ ಗೌರವ್ವನ ಬಾಯಿಂದ ತಿಳಿಯಿತು. ಐಶ್ವರ್ಯ ಏಳನೆಯವಳಾಗಿದ್ದಳು. ಕೇಳಿದ ಕೂಡಲೇ ಸುಜಾತಾಳಿಗೆ ಮೊದಲು ಸಂತೋಷವಾಯಿತು. ಸಂತೋಷವಾದದ್ದು ತಿಳಿದು ಆಮೇಲೆ ನಾಚಿಕೆಯಾಯಿತು. ಫೋನ್ ಮಾಡಿದಳು. ಆ ಕಡೆ ಬಹಳ ಹೊತ್ತು ರಿಂಗಾಯಿತು.

"ಫ್ರೇಮ ಹೆಂಗಿತ್ತ?"

"ಫ್ರೇಮ ಗಟ್ಟಿ ಇತ್ತು," ಎಂದಳು ಐಶ್ವರ್ಯ. "ಕಡೀಕ ನನ್ನ ಕಾಲಾಗ ಕಸುವ ಉಳೀಲಿಲ್ಲ." ಆಮೇಲೆ, "ಏಳನೇದು ಅಂದಕೂಡ್ಲೆ ನಿನಗ ಖುಷಿ ಆತೇನ? ಖರೆ ಹೇಳು," ಎಂದಳು.

"ಆತು," ಎಂದಳು ಸುಜಾತಾ.

ಆ ಕಡೆಯಿಂದ ಫೋನು ಕಟ್ಟಾಗಲಿಲ್ಲ.