ಎರಡನೆಯ ಪುಟ

ಹುಡುಗ ಎಂಥವನು ಅಂತ ತಿಳಿಯಬೇಕಾದರೆ ಅವನ ಜೊತೆ ಪ್ರಯಾಣ ಮಾಡಬೇಕು ಅನ್ನೋದು ಅವರ ಕಡೆಯ ಹಳೆಯ ಮಾತು. ಆ ಮಾತನ್ನು ಈ ಸಲ ಮೊದಲು ಎತ್ತಿದವನು ತೂರಾನ್ ಖಾನುಮ್‌ಳ ಗಂಡ ಹಶ್ಮತ್. "ಮೂರು ದಿನ ಹಮದಾನಿನ ಕಡೆ ಡೇರೆ ಹಾಕೋಣ. ಆ ಹುಡುಗನೂ ಬರಲಿ. ಕಣ್ಣಾರೆ ನೋಡಿಬಿಡು, ಆಮೇಲೆ ಹೂಂ ಅನ್ನು, ಇಲ್ಲಾ ಉಹೂಂ ಅನ್ನು" ಎಂದ. ನಲವತ್ತು ವರ್ಷದಲ್ಲಿ ಒಂದು ಪಾರ್ಕಿಗೂ ತಾನಾಗಿ ಕರೆದುಕೊಂಡು ಹೋಗದ ಮನುಷ್ಯ! ಅನುಮಾನ ಬರಲಿಕ್ಕೆ ಅಷ್ಟೇ ಸಾಕಾಗಿತ್ತು.

ತೂರಾನ್‌ಳಿಗೆ ಅನುಮಾನ ಬರಲಿಕ್ಕೆ ದೊಡ್ಡ ಕಾರಣವೇನೂ ಬೇಕಿರಲಿಲ್ಲ, ಅದು ಕರಜ್ ಊರಿನ ಅವರ ಬೀದಿಗೆಲ್ಲ ಗೊತ್ತು. ಮಗಳು ಪೆಗಾಹ್‌ಳನ್ನು ಕೇಳಿಕೊಂಡು ಬಂದ ಮೂವರನ್ನು ಅವಳು ವಿಚಾರಿಸಿ ವಿಚಾರಿಸಿಯೇ ಓಡಿಸಿದ್ದಳು. ಒಬ್ಬನ ಆಫೀಸಿಗೆ ಫೋನು ಹಚ್ಚಿ ಸಂಬಳ ಕೇಳಿದಳು. ಇನ್ನೊಬ್ಬ ಸಿಗರೇಟು ಸೇದುತ್ತಾನೋ ಅಂತ ನೋಡಲು ಎರಡು ಬಸ್ಸು ಬದಲಾಯಿಸಿ ಹಿಂದೆ ಹೋದಳು. ಮೂರನೆಯವನ ಅಜ್ಜಿ ಯಾವ ಕಾಯಿಲೆಯಿಂದ ಸತ್ತಳು ಅಂತ ಕೇಳಿದ್ದಕ್ಕೆ ಅವರ ಮನೆಯವರು ಹೂಗುಚ್ಛವನ್ನೂ ಎತ್ತಿಕೊಂಡು ಎದ್ದುಹೋದರು.

ಮೊಸರಲ್ಲಿ ಕಲ್ಲು ಹುಡುಕುವವಳು ಅಂತ ಜನ ನಗುತ್ತಿದ್ದರು. ನಗಲಿ. ಅವಳ ತಂಗಿ ಫರಂಗೀಸ್‌ಳ ಮೊಸರಲ್ಲಿ ನಿಜವಾಗಿ ಕಲ್ಲಿತ್ತಲ್ಲ! ಆ ಗಂಡಿಗೆ ಬೇರೆ ಊರಲ್ಲಿ ಹೆಂಡತಿ, ಎರಡು ಮಕ್ಕಳು. ಹಳೆಯ ಗುರುತಿನ ಪುಸ್ತಕ ಕಳೆದುಹೋಯಿತೆಂದು ಹೇಳಿ ಹೊಸದು ಮಾಡಿಸಿಕೊಂಡು, ಹೆಂಡತಿಯ ಹೆಸರು ಬರೆಯುವ ಎರಡನೆಯ ಪುಟವನ್ನು ಖಾಲಿ ತೋರಿಸಿದ್ದ. "ಹುಡುಗ ಅಪರಂಜಿ, ಕಣ್ಣು ಮುಚ್ಚಿ ಕೊಡಿ" ಎಂದು ಅಪ್ಪನಿಗೆ ಹೇಳಿದವಳು ಇದೇ ತೂರಾನ್. ಅಂದು ಮುಚ್ಚಿದ ಕಣ್ಣನ್ನು ಮತ್ತೆ ಮುಚ್ಚಬಾರದೆಂದು ಅವಳು ಹಟ ಹಿಡಿದಿದ್ದಳು.

ನಾಲ್ಕನೆಯವನು ಈ ಅರ್ಸಲಾನ್. ಜಂಜಾನಿನಲ್ಲಿ ಚಾಕು ಮಾಡುವ ಮನೆತನದವನು, ಕರಜ್‌ನಲ್ಲಿ ವಿಜ್ಞಾನದ ಮೇಷ್ಟ್ರು. ಅವನ ತಾಯಿ ಹೂವು ಹಿಡಿದು ಬಂದುಹೋಗಿ ಹತ್ತು ತಿಂಗಳಾಗಿತ್ತು. ತೂರಾನ್ "ವಿಚಾರಿಸೋಣ" ಅನ್ನುತ್ತಲೇ ಇದ್ದಳು. ಹೊರಡುವ ಹಿಂದಿನ ದಿನ ಪೆಗಾಹ್ ಬಟ್ಟೆ ಮಡಿಸುತ್ತಾ ತಲೆ ಎತ್ತದೆ ಹೇಳಿದಳು: "ಅಮ್ಮಾ, ನನಗೆ ಮೂವತ್ತೆರಡು. ಇವನನ್ನೂ ಓಡಿಸಿದರೆ ನಾನು ಇನ್ನೊಬ್ಬನನ್ನ ಈ ಮನೆ ಬಾಗಿಲಿಗೆ ತರಲ್ಲ. ಅಷ್ಟೇ."

ತಾಯಿ ಎದ್ದು ಹೋಗಿ ತನ್ನ ಬೀರು ತೆರೆದಳು. ಅದರಲ್ಲಿ ಎರಡು ದೊಡ್ಡ ಸಕ್ಕರೆ ಅಚ್ಚುಗಳು ಕೆಂಪು ಜಾಲರಿ ಬಟ್ಟೆಯಲ್ಲಿ ಸುತ್ತಿಕೊಂಡು ಹನ್ನೊಂದು ವರ್ಷದಿಂದ ಕೂತಿದ್ದವು. ನಿಕಾಹ್ ಓದುವಾಗ ವಧೂವರರ ತಲೆಯ ಮೇಲೆ ಬಿಳಿ ಬಟ್ಟೆ ಹಿಡಿದು, ಅದರ ಮೇಲೆ ಆ ಅಚ್ಚುಗಳನ್ನು ಒಂದಕ್ಕೊಂದು ಉಜ್ಜಿ ಸಕ್ಕರೆ ಉದುರಿಸಬೇಕು, ಬಾಳು ಸಿಹಿಯಾಗಲಿ ಅಂತ. ಮಗಳ ತಲೆಯ ಮೇಲೆ ಮೊದಲು ಉಜ್ಜುವ ಕೈ ತನ್ನದೇ ಆಗಬೇಕೆಂಬುದು ಅವಳ ಆಸೆ. ಆದರೆ ಉಜ್ಜುವ ಮೊದಲು ಆ ಹುಡುಗನ ಎರಡನೆಯ ಪುಟವನ್ನು ತಾನೇ ನೋಡಬೇಕು. ಹಶ್ಮತ್ "ನಾನು ನೋಡಿದ್ದೇನೆ ಮಾರಾಯ್ತಿ, ಖಾಲಿ ಇದೆ" ಎಂದಿದ್ದ. ತೂರಾನ್‌ಳ ಅಪ್ಪನೂ ಹಾಗೇ ಹೇಳಿದ್ದ, ಫರಂಗೀಸ್‌ಳ ಕಾಲದಲ್ಲಿ.

ಬೇಸಿಗೆ ಮುಗಿಯುವ ಶಹ್ರೀವರ್ ತಿಂಗಳ ಮೊದಲ ವಾರ, ಹಮದಾನಿನ ಹತ್ತಿರ ಗಂಜ್‌ನಾಮೆಯ ತೊರೆಯ ಪಕ್ಕ ಎರಡು ಡೇರೆ ಎದ್ದವು. ಒಂದರಲ್ಲಿ ತಾಯಿ ಮಗಳು, ಇನ್ನೊಂದರಲ್ಲಿ ಗಂಡಸರು. ಮಧ್ಯೆ ಜಮಖಾನ, ಅದರ ಮೇಲೆ ಚಹಾ ಕಾಯಿಸುವ ಸಮೋವಾರ್. ಸುತ್ತ ನೂರಾರು ಸಂಸಾರಗಳು, ಕಬಾಬಿನ ಹೊಗೆ, ನೀರಲ್ಲಿ ತಣ್ಣಗಾಗಲು ಬಿಟ್ಟ ಕಲ್ಲಂಗಡಿಗಳು. ಅರ್ಸಲಾನ್ ಬ್ಯಾಗಿನಿಂದ ಒಂದು ಮೊಳದ ಚಾಕು ತೆಗೆದು ಒಂದೇ ಏಟಿಗೆ ಹಣ್ಣು ಸೀಳಿದ.

"ಇಂಥದ್ದನ್ನ ಯಾವಾಗಲೂ ಜೊತೆಗೇ ಇಟ್ಟುಕೊಂಡಿರ್ತೀಯೇನಪ್ಪಾ?" ಎಂದಳು ತೂರಾನ್.

"ಅಜ್ಜನ ಕೈಯಿಂದ ಆದದ್ದು, ತೂರಾನ್ ಖಾನುಮ್. ನಿಮಗೆ ಇಷ್ಟವಾದರೆ ನಿಮ್ಮದೇ ಅಂದುಕೊಳ್ಳಿ."

"ನನಗ್ಯಾಕೆ? ನಾನು ಯಾರನ್ನ ಕೊಯ್ಯಬೇಕು?"

ಹಶ್ಮತ್ ಗಹಗಹಿಸಿ ನಕ್ಕ. ಅಗತ್ಯಕ್ಕಿಂತ ಜಾಸ್ತಿಯೇ ನಕ್ಕ ಅನ್ನಿಸಿತು ಅವಳಿಗೆ. ಆಮೇಲೆ ಅವಳು ಮಾತಿನ ನಡುವೆ ಹಗುರಾಗಿ ಕಲ್ಲು ಬಿಸಾಕಿದಳು: "ಮಳೆಗಿಳೆ ಬಂದರೆ ಹೋಟೆಲಿಗೆ ಹೋಗಬೇಕಾಗುತ್ತೆ. ಎಲ್ಲರೂ ಗುರುತಿನ ಪುಸ್ತಕ ತಂದಿದ್ದೀರಿ ತಾನೇ? ನೀನು?"

"ಅಯ್ಯೋ, ಮರೆತೇಬಿಟ್ಟೆ" ಎಂದ ಅರ್ಸಲಾನ್. ಹೇಳುವಾಗ ಪೆಗಾಹ್ ಅಪ್ಪನ ಮುಖ ನೋಡಿದಳು, ಅಪ್ಪ ಸಮೋವಾರ್ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಎಷ್ಟು ಜನಪ್ಪಾ ಇಲ್ಲಿ ಅಂದುಕೊಂಡಳು ತೂರಾನ್. ಮೇಷ್ಟ್ರ ಕೆಲಸ ಮಾಡುವವನು ಪ್ರಯಾಣಕ್ಕೆ ಹೊರಟು ಪುಸ್ತಕ ಮರೆಯುತ್ತಾನೆಯೇ? ಮೊಳದ ಚಾಕು ನೆನಪಿತ್ತಲ್ಲ!

ಮಧ್ಯಾಹ್ನ ಲಾಲೆಜೀನಿಗೆ ಹೋದರು, ಮಣ್ಣಿನ ಪಾತ್ರೆಯ ಅಂಗಡಿಗಳಿಗೆ. ಪೆಗಾಹ್ ಆರು ನೀಲಿ ಬಟ್ಟಲು ಆರಿಸಿದಳು. ಅರ್ಸಲಾನ್ "ಆಳ ಇರೋದು ತಗೋ, ಸೂಪು ತಣ್ಣಗಾಗಲ್ಲ" ಎಂದ. ಅವಳು ಮರುಮಾತಿಲ್ಲದೆ ಬದಲಾಯಿಸಿದಳು. ತಾಯಿ ಆರಿಸಿಕೊಟ್ಟ ಒಂದು ಚಪ್ಪಲಿಯನ್ನಾದರೂ ಹೀಗೆ ಸುಮ್ಮನೆ ಒಪ್ಪಿದ್ದುಂಟೆ?

"ಯಾರ ಮನೆಗೆ ಈ ಬಟ್ಟಲು?"

"ಇರಲಿ ಅಂತ, ಅಮ್ಮಾ."

"ಮನೇಲಿ ಬಟ್ಟಲು ಇಲ್ಲದೇ ಇಷ್ಟು ದಿನ ಬೊಗಸೇಲಿ ಕುಡೀತಿದ್ವಾ?"

ಇದೆಲ್ಲ ಸಣ್ಣದು. ದೊಡ್ಡದು ನಡೆದದ್ದು ಎರಡನೆಯ ದಿನ ಬೆಳಿಗ್ಗೆ. ಹೆಂಗಸರಿರುವ ಕಡೆ ಪರಗಂಡಸು ಬರುವಾಗ ಹೊರಗಿಂದಲೇ "ಯಾ ಅಲ್ಲಾ" ಎಂದು ಕೂಗುತ್ತಾನೆ, ಒಳಗಿದ್ದವರು ತಲೆ ಮುಚ್ಚಿಕೊಳ್ಳಲಿ ಅಂತ. ಮೊದಲ ದಿನ ಅರ್ಸಲಾನ್ ತೂರಾನ್ ಒಬ್ಬಳೇ ಇದ್ದಾಗ ಡೇರೆಯ ಹತ್ತಿರ ಬಂದು ಎರಡು ಸಲ ಕೂಗಿ, ಕೆಮ್ಮಿ, ಬೆನ್ನು ತಿರುಗಿಸಿ ನಿಂತಿದ್ದ. ಪರವಾಗಿಲ್ಲ, ಸಂಸ್ಕಾರ ಇದೆ ಎಂದು ಅವಳು ಒಂದು ಅಂಕ ಕೊಟ್ಟಿದ್ದಳು. ಈಗ ಅವಳು ಸಮೋವಾರ್ ಬಳಿ ಕೂತಿದ್ದಳು. ಪೆಗಾಹ್ ಡೇರೆಯೊಳಗೆ ಒದ್ದೆ ಕೂದಲು ಬಾಚುತ್ತಿದ್ದಳು. ಅರ್ಸಲಾನ್ ಬಿಸಿ ರೊಟ್ಟಿ ಹಿಡಿದು ಬಂದ. ಕೂಗಲಿಲ್ಲ, ಕೆಮ್ಮಲಿಲ್ಲ. ಡೇರೆಯ ಬಾಗಿಲು ಸರಿಸಿ ರೊಟ್ಟಿಯ ತುಂಡು ಚಾಚಿದ. ಪೆಗಾಹ್ ಬಿಚ್ಚು ಕೂದಲಲ್ಲೇ ಕೈ ನೀಡಿ ತೆಗೆದುಕೊಂಡು, ಒಂದು ಚೂರು ಬಾಯಿಗಿಟ್ಟು, ಮತ್ತೆ ಬಾಚತೊಡಗಿದಳು.

ತೂರಾನ್‌ಳ ಕೈಯಲ್ಲಿದ್ದ ಲೋಟ ತುಂಬಿ ಹರಿಯಿತು. ಅವಳು ಗಂಡನ ಕಡೆ ತಿರುಗಿದಳು. ಹಶ್ಮತ್ ಪಕ್ಕದಲ್ಲೇ ಇದ್ದ, ಎಲ್ಲ ನೋಡಿದ್ದ. ಹೋದ ವರ್ಷ ಸ್ವಂತ ಅಣ್ಣನ ಮಗ ಕೂಗದೆ ಒಳಗೆ ಬಂದನೆಂದು ಮನೆ ಹಾರಿಹೋಗುವಂತೆ ಕಿರುಚಾಡಿದ ಹಶ್ಮತ್, ಈಗ ಒಂದು ಸಕ್ಕರೆ ಗಟ್ಟಿ ಬಾಯಿಗೆ ಹಾಕಿಕೊಂಡು, ಆಲ್ವಂದ್ ಬೆಟ್ಟವನ್ನು ಈಗತಾನೇ ಕಂಡವನಂತೆ ನೋಡುತ್ತಾ ಕೂತ.

"ನೋಡಿದಿರಾ?"

"ಏನನ್ನ?"

"ಏನನ್ನ ಅಂತೆ! ಕಣ್ಣಿಗೇನು ಮಣ್ಣು ಬಿದ್ದಿದೆಯಾ?"

"ಅನುಮಾನ ಅನ್ನೋದಕ್ಕೆ ಮದ್ದಿಲ್ಲ ಕಣೇ" ಎಂದು ಅವನು ಎದ್ದುಹೋದ.

ಇಡೀ ದಿನ ಅವಳಿಗೆ ಅದೇ ಗುಂಗು. ಜಲಪಾತದ ಹತ್ತಿರ ಎಲ್ಲರೂ ಫೋಟೋ ತೆಗೆಸಿಕೊಂಡರು. ಅವಳು ಹುಡುಗನ ಕೈ ಎಲ್ಲಿದೆ ಅಂತ ನೋಡುತ್ತಿದ್ದಳು. ಬಂಡೆಯ ಮೇಲಿನ ರಾಜರ ಶಾಸನದ ಎದುರು ಅರ್ಸಲಾನ್ ಫೋನು ಹಿಡಿದು ದೂರ ಹೋಗಿ ತಮ್ಮೂರ ತುರ್ಕಿ ಭಾಷೆಯಲ್ಲಿ ಮಾತಾಡಿದ. ಆ ಭಾಷೆ ಅವಳಿಗೆ ಬಾರದು. ಆದರೆ ನಡುನಡುವೆ 'ತೂರಾನ್ ಖಾನುಮ್' ಅಂತ ಮೂರು ಸಲ ಬಂತು. ಗಂಡನಿಗೆ ಇವನು ಏನೋ ಮಂಕುಬೂದಿ ಎರಚಿದ್ದಾನೆ, ಮಗಳಂತೂ ನಾಚಿಕೆ ಬಿಟ್ಟಿದ್ದಾಳೆ, ಪುಸ್ತಕ ಸಿಕ್ಕರೆ ಎಲ್ಲ ಬಯಲಾಗುತ್ತೆ. ಎಲ್ಲಿದೆ ಪುಸ್ತಕ?

ಮೂರನೆಯ ದಿನ ಅಲೀಸದ್ರ್ ಗುಹೆ. ಒಳಗೆ ದೋಣಿಯಲ್ಲಿ ಹೋಗಬೇಕು, ಎರಡು ಗಂಟೆ ಹಿಡಿಯುತ್ತದೆ. ತೂರಾನ್ ಮಂಡಿ ಹಿಡಿದುಕೊಂಡಳು. "ಒಳಗೆ ಶೀತ. ನೀವು ಹೋಗಿ ಬನ್ನಿ, ನಾನು ಕಾರಲ್ಲಿ ಕೂತಿರ್ತೀನಿ. ಆ ಸೊಂಟದ ಚೀಲ ಇಲ್ಲಿ ಕೊಡಿ, ನೀರಿಗೆ ಬಿದ್ದರೆ ಕಷ್ಟ."

ಹಶ್ಮತ್ ಚೀಲದ ಮೇಲೆ ಕೈಯಿಟ್ಟು ಒಂದು ಗಳಿಗೆ ಅವಳ ಮುಖವನ್ನೇ ನೋಡಿದ. ಆಮೇಲೆ ಬಿಚ್ಚಿ ಕೊಟ್ಟ. "ಜೋಪಾನ" ಎಂದ.

ಅವರು ಮರೆಯಾದ ಕೂಡಲೇ ಮಂಡಿ ನೋವು ಹೋಯಿತು. ಮೊದಲು ಹುಡುಗನ ಬ್ಯಾಗು ಜಾಲಾಡಿದಳು. ಚಾಕು, ಉಣ್ಣೆಯ ಟೋಪಿ, ಮಕ್ಕಳ ಉತ್ತರಪತ್ರಿಕೆಗಳ ಕಟ್ಟು. ಪುಸ್ತಕ ಇಲ್ಲ. ಬೇರೆ ಹೆಂಗಸಿನ ಫೋಟೋ ಇಲ್ಲ, ಸಿಗರೇಟಿನ ವಾಸನೆ ಕೂಡ ಇಲ್ಲ. ಬೇಸರವಾಯಿತು ಅವಳಿಗೆ, ನಿಜವಾಗಿಯೂ ಬೇಸರವಾಯಿತು. ಅಭ್ಯಾಸಬಲದಿಂದ ಗಂಡನ ಚೀಲಕ್ಕೂ ಕೈ ಹಾಕಿದಳು. ರಬ್ಬರ್ ಬ್ಯಾಂಡು ಹಾಕಿದ ಗುರುತಿನ ಪುಸ್ತಕಗಳು. ತನ್ನದು, ಗಂಡನದು, ಮಗಳದು. ಮೂರಿರಬೇಕಿತ್ತು, ನಾಲ್ಕಿದ್ದವು.

ನಾಲ್ಕನೆಯದರ ಮೊದಲ ಪುಟದಲ್ಲಿ ಅರ್ಸಲಾನ್‌ನ ಚಿತ್ರ. ಮರೆತು ಬಂದೆ ಅಂದನಲ್ಲ ಕಳ್ಳ! ಇವರ ಚೀಲದಲ್ಲಿ ಯಾಕಿದೆ? ಬೆರಳಿಗೆ ಎಂಜಲು ಹಚ್ಚಿ ಎರಡನೆಯ ಪುಟ ತೆರೆದಳು.

ಪುಟ ಖಾಲಿ ಇರಲಿಲ್ಲ. ಹೆಂಡತಿಯ ಹೆಸರು ಬರೆದಿತ್ತು, ಮೊಹರು ಬಿದ್ದಿತ್ತು. ನನಗೆ ಗೊತ್ತಿತ್ತು, ನನಗೆ ಮೊದಲೇ ಗೊತ್ತಿತ್ತು ಎಂದು ಅವಳು ಗಟ್ಟಿಯಾಗಿಯೇ ಅಂದಳು. ಆಮೇಲೆ ಕನ್ನಡಕ ಹಾಕಿಕೊಂಡು ಹೆಸರು ಓದಿದಳು. ಪೆಗಾಹ್. ತಂದೆ ಹಶ್ಮತ್. ತಾರೀಕು, ತೀರ್ ತಿಂಗಳ ಹನ್ನೆರಡು, ಎರಡು ತಿಂಗಳೂ ತುಂಬಿಲ್ಲ.

ಮಗಳ ಪುಸ್ತಕ ತೆರೆದಳು. ಅಲ್ಲೂ ಅದೇ ಮೊಹರು, ಅದೇ ತಾರೀಕು. ಕನ್ಯೆಯ ಮೊದಲ ಮದುವೆಗೆ ಅಪ್ಪನ ಸಹಿ ಬೇಕು. ಅಂದರೆ ಹಶ್ಮತ್ ಹೋಗಿ ಸಹಿ ಹಾಕಿ ಬಂದಿದ್ದಾನೆ. ತೀರ್ ಹನ್ನೆರಡು! ಅಂದು ಅವನು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಕಾರಿನ ತಪಾಸಣೆ ಮಾಡಿಸಿಕೊಂಡು ಬರುತ್ತೇನೆಂದು ಹೋಗಿದ್ದ. ಸಂಜೆ ಒಂದು ಡಬ್ಬಿ ಸಿಹಿ ತಂದು "ಪಾಸಾಯಿತು" ಎಂದಿದ್ದ. ಕಾರು ಪಾಸಾದರೆ ಯಾರಾದರೂ ಸಿಹಿ ಹಂಚುತ್ತಾರಾ ಅಂತ ಗೊಣಗುತ್ತಲೇ ಅವಳು ಎರಡು ತಿಂದಿದ್ದಳು. ಸ್ವಂತ ಮಗಳ ಮದುವೆಯ ಸಿಹಿ, ಗೊಣಗುತ್ತಾ ತಿಂದಿದ್ದಳು.

ಮೊದಲು ಬಂದದ್ದು ಸಿಟ್ಟು. ಆ ಮೊಳದ ಚಾಕು ತೆಗೆದು ಡೇರೆಯ ಹಗ್ಗಗಳನ್ನೆಲ್ಲ ಕತ್ತರಿಸಿಬಿಡಬೇಕು ಅನ್ನಿಸುವಷ್ಟು ಸಿಟ್ಟು. ಆಮೇಲೆ ಡೇರೆಯ ಬಾಗಿಲಲ್ಲಿ ಒದ್ದೆ ಕೂದಲು ಬಾಚುತ್ತಿದ್ದ ಮಗಳು ಕಣ್ಣಿಗೆ ಬಂದಳು. ನಾಚಿಕೆ ಬಿಟ್ಟವಳಲ್ಲ, ಗಂಡನ ಎದುರು ಕೂತವಳು. ಊರಿನ ಗಂಡುಗಳನ್ನೆಲ್ಲ ಅನುಮಾನಿಸಿದ ತೂರಾನ್, ಮಗಳನ್ನು ಮಾತ್ರ ಎಂದೂ ಅನುಮಾನಿಸಿರಲಿಲ್ಲ. ಆ ಮಗಳಿಗೆ ತನ್ನ ತಾಯಿಯ ಭಯ ಎಷ್ಟಿರಬೇಕು, ಮದುವೆಯಂಥ ಮದುವೆಯನ್ನು ಕದ್ದು ಮಾಡಿಕೊಳ್ಳಬೇಕಾದರೆ! ಅವಳು ಕಾರಿನ ಸೀಟಿನಲ್ಲಿ ಕೂತು, ಚಾದರದ ಅಂಚು ಬಾಯಿಗೆ ಒತ್ತಿಕೊಂಡು ಅತ್ತಳು.

ಅವರು ಬರುವಷ್ಟರಲ್ಲಿ ಮರದ ಕೆಳಗೆ ಜಮಖಾನ ಹಾಸಿತ್ತು, ಚಹಾ ಆಗಿತ್ತು. "ಅಮ್ಮಾ, ನೀನು ನೋಡಬೇಕಿತ್ತು ಒಳಗೆ!" ಎನ್ನುತ್ತಾ ಪೆಗಾಹ್ ಕೂತಳು. ಪಕ್ಕದಲ್ಲಿ, ಒಂದು ಗೇಣು ಬಿಟ್ಟು, ಅರ್ಸಲಾನ್. ತೂರಾನ್ ಎಲ್ಲರಿಗೂ ಚಹಾ ಬಗ್ಗಿಸಿಕೊಟ್ಟು ಗಂಡನಿಗೆ ಚೀಲ ಹಿಂತಿರುಗಿಸಿದಳು.

"ಅಲ್ರೀ, ನಮ್ಮ ಕಾರು ತಪಾಸಣೆಯಲ್ಲಿ ಪಾಸಾಗಿದ್ದು ತೀರ್ ಹನ್ನೆರಡಕ್ಕೆ ತಾನೇ?"

ಅರ್ಸಲಾನ್ ಎದ್ದು ನಿಂತು, ಏನು ಮಾಡಬೇಕೋ ತಿಳಿಯದೆ ಮತ್ತೆ ಕೂತ. "ತೂರಾನ್ ಖಾನುಮ್, ತಪ್ಪು ನನ್ನದು. ನಿಮಗೆ ಹೇಳಿಬಿಡು ಅಂತ ನಮ್ಮಮ್ಮ ದಿನಾ ಫೋನಲ್ಲಿ ಬೈತಿದ್ದಾರೆ..."

"ನೀನು ಸುಮ್ಮನಿರು. ಪುಸ್ತಕ ಮರೆತವನು."

"ಅವನಿಗ್ಯಾಕೆ ಬೈತೀಯಾ?" ಎಂದ ಹಶ್ಮತ್. "ಸಹಿ ಹಾಕಿದವನು ನಾನು. ನೀನು ಇವನನ್ನ ಓಡಿಸ್ತಿದ್ದೆ, ತೂರಾನ್. ಮೊದಲು ನೀನು ಅವನನ್ನ ಮೆಚ್ಚಲಿ, ಆಮೇಲೆ ಹೇಳೋಣ ಅಂತ ಈ ಡೇರೆ, ಈ ಜಲಪಾತ, ಎಲ್ಲಾ. ಇಬ್ಬರೂ ಅತ್ತ ಇತ್ತ ಒಟ್ಟಿಗೆ ತಿರುಗುವಾಗ ಪೊಲೀಸರು ಯಾರಾದರೂ ಕೇಳಿದರೆ ತೋರಿಸೋಕೆ ಇರಲಿ ಅಂತ ಪುಸ್ತಕ ತಂದೆ. ನಲವತ್ತು ವರ್ಷದಿಂದ ನಿನ್ನ ಬಲ್ಲೆ. ಚೀಲ ನಿನ್ನ ಕೈಗೆ ಕೊಟ್ಟರೆ ಬಿಚ್ಚದೇ ಇರ್ತೀಯಾ? ಹೇಳೋಕೆ ಬಾಯಿ ಬರಲಿಲ್ಲ, ಅದಕ್ಕೇ ಚೀಲ ಕೊಟ್ಟೆ."

ತೂರಾನ್ ಅವನ ಕಡೆ ನೋಡಲಿಲ್ಲ. ಮಗಳನ್ನು ಕೇಳಿದಳು: "ತಲೆ ಮೇಲೆ ಬಟ್ಟೆ ಹಿಡಿದವರು ಯಾರು? ಸಕ್ಕರೆ ಉಜ್ಜಿದವರು ಯಾರು? ಚಿಕ್ಕಮ್ಮನಾ?"

ಪೆಗಾಹ್ ತಾಯಿಯ ಚಾದರದ ಅಂಚು ಹಿಡಿದುಕೊಂಡಳು. "ಯಾರೂ ಇಲ್ಲಮ್ಮ. ನಿಕಾಹ್ ಆಫೀಸಿನವರು ಸಕ್ಕರೆ ತಂದಿಟ್ಟಿದ್ದರು. ನಾನೇ ಬೇಡ ಅಂದೆ. ಅದು ನೀನು ಮಾಡಬೇಕಾದ್ದು ಅಂತ ಹಾಗೇ ಬಿಟ್ಟೆ."

ತೂರಾನ್ ಚಹಾದ ಸಕ್ಕರೆ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಮಂಡಿ ಊರಿ ಎದ್ದಳು. ಕಾರಿನಿಂದ ತನ್ನ ನಮಾಜಿನ ಬಿಳಿ ಚಾದರ ತಂದಳು. ಪಕ್ಕದ ಜಮಖಾನದಲ್ಲಿ ಇಬ್ಬರು ಹೆಂಗಸರು ಕುಂಬಳಬೀಜ ಬಿಡಿಸುತ್ತಿದ್ದರು. "ಖಾನುಮ್, ಒಂದು ನಿಮಿಷ ಬರ್ತೀರಾ? ಬಟ್ಟೆ ಹಿಡೀಬೇಕು" ಎಂದಳು. ಅವರು ಏಳುವಷ್ಟರಲ್ಲಿ ಕೈ ಅಡ್ಡ ಹಿಡಿದಳು. ಈ ಬಟ್ಟೆಯನ್ನು ಸುಖವಾಗಿ ಬಾಳುವವರೇ ಹಿಡಿಯಬೇಕು, ಎಂಥವರೋ ಏನೋ. "ಬೇಜಾರು ಮಾಡ್ಕೋಬೇಡಿ. ಒಬ್ಬನೇ ಗಂಡ ತಾನೇ? ಬದುಕಿದ್ದಾನೆ ತಾನೇ?"

"ಗುಂಡುಕಲ್ಲಿನ ಹಾಗಿದ್ದಾನೆ, ನೋಡಿ ಅಲ್ಲಿ ಗೊರಕೆ ಹೊಡೀತಿದ್ದಾನೆ" ಎಂದಳು ಒಬ್ಬಳು.

"ನೀವು?"

"ನನ್ನವನು ದೋಣಿ ಟಿಕೆಟಿನ ಸಾಲಲ್ಲಿ ನಿಂತಿದ್ದಾನೆ. ಕರೀಲಾ?" ಎಂದಳು ಇನ್ನೊಬ್ಬಳು ನಗುತ್ತಾ.

"ಬೇಡ, ಇಲ್ಲಿಂದಲೇ ತೋರಿಸಿ" ಎಂದಳು ತೂರಾನ್. ತೋರಿಸಿದ ಕಡೆ ಕತ್ತು ಉದ್ದ ಮಾಡಿ ನೋಡಿದಳು. "ಸರಿ, ಬನ್ನಿ."

ಪೆಗಾಹ್, ಅರ್ಸಲಾನ್ ಇಬ್ಬರ ತಲೆಯ ಮೇಲೆ ಚಾದರ ಹರಡಿಕೊಂಡಿತು. ನಡುವಿದ್ದ ಒಂದು ಗೇಣು ಜಾಗವನ್ನು ತೂರಾನ್ ಕಾಲಿನಿಂದಲೇ ಅಳಿಯನನ್ನು ನೂಕಿ ಮುಚ್ಚಿದಳು. ಡಬ್ಬಿಯಿಂದ ಎರಡು ಸಕ್ಕರೆ ಗಟ್ಟಿ ತೆಗೆದುಕೊಂಡು ಅವರ ಹಿಂದೆ ನಿಂತು ಉಜ್ಜತೊಡಗಿದಳು. ಬಿಳಿ ಪುಡಿ ಬಿಳಿ ಬಟ್ಟೆಯ ಮೇಲೆ ಉದುರಿತು. ಬಟ್ಟೆಯ ಕೆಳಗೆ ಪೆಗಾಹ್ ಬಿಕ್ಕುತ್ತಿದ್ದಳು. ಆ ಅಪರಿಚಿತ ಹೆಂಗಸರು ನಾಲಿಗೆ ಹೊರಳಿಸಿ ಮದುವೆಮನೆಯ ಕೂಗು ಹಾಕಿದರು, ಅತ್ತ ಗುಂಡುಕಲ್ಲು ಗಂಡ ಬೆಚ್ಚಿ ಎದ್ದು ಕೂತ.

ಬೀರುವಿನಲ್ಲಿದ್ದ ದೊಡ್ಡ ಅಚ್ಚುಗಳಾಗಿದ್ದರೆ ಒಂದು ಗಂಟೆ ಉಜ್ಜಬಹುದಿತ್ತು. ಚಹಾದ ಗಟ್ಟಿಗಳು ಎಷ್ಟು ಹೊತ್ತು ತಡೆದಾವು? ನೋಡನೋಡುತ್ತಿದ್ದಂತೆ ಸವೆದು ಬೆರಳ ಸಂದಿಯಲ್ಲಿ ಕರಗಿಹೋದವು. ತೂರಾನ್ ಮಾತ್ರ ಬರಿಗೈಯನ್ನೇ ಒಂದಕ್ಕೊಂದು ಉಜ್ಜುತ್ತಲೇ ನಿಂತಿದ್ದಳು, ಸಾಕು ಅಂತ ಅವಳಿಗೆ ಯಾರೂ ಹೇಳಲಿಲ್ಲ.