ಮುನ್ನೂರು ಗ್ರಾಂ

ಭಾನುವಾರ ಬೆಳಿಗ್ಗೆ ಬಟ್ಟೆಗಳನ್ನು ಯಂತ್ರಕ್ಕೆ ತುಂಬುವ ಮುಂಚೆ ಒಂದೊಂದೇ ಜೇಬು ತಡಕುತ್ತಿದ್ದೆ. ನಮ್ಮ ಮನೆಯಲ್ಲಿ ಈ ಕೆಲಸ ತಪ್ಪಿಸುವಂತಿಲ್ಲ. ಒಮ್ಮೆ ಸ್ಕೀಗೆ ಹಚ್ಚುವ ಮೇಣದ ತುಂಡೊಂದು ಒಳಗೆ ಹೋಗಿ ಕರಗಿ, ವಾರವೆಲ್ಲ ಮನೆಮಂದಿ ಕುರ್ಚಿಯಿಂದ ಜಾರುತ್ತಿದ್ದೆವು. ಗಂಡ ದ್ರಾಗೊನ ಜೇಬಿನಲ್ಲಿ ಎರಡು ಮೊಳೆ, ಒಂದು ಬಾಟಲಿ ಮುಚ್ಚಳ. ತಮ್ಮ ಲೆನಾರ್ಟ್‌ನ ಜೇಬಿನಲ್ಲಿ ಏನೂ ಇಲ್ಲ. ಅವನು ಚೂಯಿಂಗ್ ಗಮ್ಮನ್ನೂ ಇಟ್ಟುಕೊಳ್ಳುವವನಲ್ಲ, ಅದಕ್ಕೂ ತೂಕವಿದೆಯಂತೆ. ಮಗಳು ಬ್ರಿನಾಳ ಜಾಕೆಟ್ಟಿಗೆ ಕೈ ಹಾಕಿದಾಗ ಬೆರಳಿಗೆ ಏನೋ ಮೆತ್ತಗೆ ಅಂಟಿತು.

ಹೊರಗೆ ತೆಗೆದೆ. ಗುರುವಾರದ ರೊಟ್ಟಿ. ಶುಕ್ರವಾರದ ಸಾಸೇಜಿನ ತುದಿ. ನಿನ್ನೆ ರಾತ್ರಿ ಅಜ್ಜಿ ಬಡಿಸಿದ ಷ್ಟ್ರುಕ್ಲಿ, ಗಿಣ್ಣು ತುಂಬಿ ಸುತ್ತಿ ಬೇಯಿಸಿದ ಆ ಬಿಳಿ ಉಂಡೆ, ಕೈಗವಸಿನೊಳಗೆ ಪಾಪ ಮಲಗಿಕೊಂಡಿತ್ತು. ನಾಯಿ ಪಿಕೊ ಉಗ್ರಾಣದ ಯಜಮಾನನಂತೆ ಎದುರಿಗೆ ಬಂದು ಕೂತ. ಅವನ ಹೊಟ್ಟೆ ಈ ವಾರ ಯಾಕೆ ನೆಲ ಮುಟ್ಟುತ್ತಿದೆ ಎಂದು ನನಗೆ ಆಗ ತಿಳಿಯಿತು.

ನಾನು ಬಟ್ಟೆಬುಟ್ಟಿಯ ಮೇಲೆಯೇ ಕೂತೆ. ಎಂಟು ವರ್ಷದ ಮಗು ಮೂರು ದಿನದಿಂದ ಊಟ ಮಾಡಿಲ್ಲ, ನನಗೆ ಗೊತ್ತೇ ಆಗಿಲ್ಲ.

ಯಾಕೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಬ್ರಿನಾ ನಮ್ಮ ಊರಿನ ಕ್ಲಬ್ಬಿನ ಮಕ್ಕಳ ಗುಡ್ಡದಿಂದ ಸ್ಕೀ ಕಟ್ಟಿಕೊಂಡು ಹಾರುತ್ತಾಳೆ. ಅವಳ ದಾಖಲೆ ಹನ್ನೊಂದು ಮೀಟರ್. ಅವಳ ಲೆಕ್ಕದಲ್ಲಿ ಹನ್ನೊಂದೂವರೆ. ಅವಳ ಮಾಮ ಲೆನಾರ್ಟ್ ಇನ್ನೂರ ಮೂವತ್ತು ಮೀಟರ್ ಹಾರುವವನು, ಈ ಸಲದ ಸ್ಕೀ ಹಾರಾಟದ ವಿಶ್ವ ಚಾಂಪಿಯನ್‌ಷಿಪ್ಪಿಗೆ ನಮ್ಮ ದೇಶದ ತಂಡದ ನಾಲ್ವರಲ್ಲಿ ಒಬ್ಬ. ತಂಡದವರೆಲ್ಲ ಹೋಟೆಲಿನಲ್ಲಿದ್ದರೂ ಇವನು ರಾತೆಚೆಯ ನಮ್ಮ ಮನೆಯಲ್ಲೇ ಮಲಗುತ್ತಿದ್ದ. ಬುಧವಾರ ಊಟಕ್ಕೆ ಕೂತಾಗ ತಟ್ಟೆ ಆಚೆ ತಳ್ಳಿ, "ಹಗುರ ಇದ್ದಷ್ಟೂ ದೂರ" ಎಂದಿದ್ದ. ಎದುರಿಗೆ ಕೂತ ಬ್ರಿನಾ ಚಮಚ ಬಾಯಿಯಲ್ಲೇ ಇಟ್ಟುಕೊಂಡು ಅದನ್ನು ಕೇಳಿಸಿಕೊಂಡಿದ್ದಳು. ಅಂದಿನಿಂದ ಮಾಮನ ಪಕ್ಕ ಬಂದು ನಿಲ್ಲುವುದು, ಏನೋ ಕೇಳಲು ಬಾಯಿ ತೆರೆಯುವುದು, ಮುಚ್ಚಿಕೊಂಡು ಓಡುವುದು. ನಾನು ಏನೆಂದು ಕೇಳಿದರೆ "ಏನಿಲ್ಲಮ್ಮ". ಎರಡನೇ ಸಲ ಕೇಳಿದರೆ ಅವಳು ಬಸವನಹುಳುವಿನ ಹಾಗೆ ಒಳಗೆ ಸೇರಿಕೊಳ್ಳುತ್ತಾಳೆ, ಮತ್ತೆ ಹೊರಬರಲು ವಾರ ಬೇಕು. ಹಾಗಾಗಿ ಕಾಯುವುದನ್ನು ಕಲಿತಿದ್ದೇನೆ.

ಅಷ್ಟರಲ್ಲಿ ಲೆನಾರ್ಟ್ ಒಳಚಡ್ಡಿಯಲ್ಲೇ ಬಂದು, ಯಂತ್ರದ ಪಕ್ಕ ಇಟ್ಟಿದ್ದ ತೂಕದ ಹಲಗೆ ಹತ್ತಿದ. ಹಾರುವವರಿಗೆ ನಾಚಿಕೆ ಇರುವುದಿಲ್ಲ. ಹಾರುವ ಉಡುಪಿನ ಅಳತೆ ನೋಡಲು ವರ್ಷವಿಡೀ ಯಾರಾದರೊಬ್ಬ ಅಧಿಕಾರಿ ಅವರ ತೊಡೆಸಂದಿಗೆ ಅಳತೆಪಟ್ಟಿ ಹಿಡಿದಿರುತ್ತಾನೆ.

"ಇಳಿಯೋ, ಇದನ್ನ ನೋಡು" ಎಂದು ಕೈಗವಸು ಬಿಚ್ಚಿ ತೋರಿಸಿದೆ.

"ಏನಕ್ಕ ಇದು, ಹೆಗ್ಗಣದ ಗೂಡಾ?"

"ನಿನ್ನ ಸೊಸೆದು. ನಿನ್ನ ನೋಡಿ ಕಲ್ತಿದಾಳೆ."

ಅವನ ನಗು ಅಲ್ಲೇ ನಿಂತಿತು. ಹಲಗೆಯ ಅಂಕಿ ನೋಡುತ್ತ, "ನಾನೇನು ಹೇಳ್ಕೊಟ್ಟಿಲ್ಲ" ಎಂದ.

"ಹೇಳ್ಕೊಡೋದು ಬೇರೆ ಬೇಕಾ? ಒಂದ್ಸಲ ಕೂರಿಸ್ಕೊಂಡು ಮಾತಾಡು. ನಾನು ಹೇಳಿದ್ರೆ ಅಮ್ಮ ಹೇಳಿದ್ದು. ನೀನು ಹೇಳಿದ್ರೆ ಚಾಂಪಿಯನ್ ಹೇಳಿದ್ದು."

"ಇವತ್ತೊಂದು ದಿನ ಮುಗೀಲಿ ಅಕ್ಕ. ತಂಡದ ಪಂದ್ಯ ಇದೆ. ಆಮೇಲೆ ಮಾತಾಡ್ತೀನಿ."

"ಏನ್ ಹೇಳ್ತೀಯ?"

ಅವನು ಹಲಗೆಯಿಂದ ಇಳಿದು ಮತ್ತೆ ಹತ್ತಿದ. "ಅದೇ ಗೊತ್ತಿಲ್ಲ" ಎಂದ.

ಅವನ ಕಷ್ಟ ನನಗೂ ಗೊತ್ತು. ಭಾರ ಹೆಚ್ಚಾದರೆ ಗಾಳಿ ಹೊರುವುದಿಲ್ಲ. ಹಾಗೆಂದು ತೀರಾ ಒಣಗಿದರೂ ಬಿಡುವುದಿಲ್ಲ. ಇಷ್ಟು ತೂಕಕ್ಕೆ ಇಷ್ಟೇ ಉದ್ದದ ಸ್ಕೀ ಎಂಬ ನಿಯಮವಿದೆ, ತೂಕ ಅದಕ್ಕಿಂತ ಇಳಿದರೆ ಆಟದಿಂದ ಹೊರಗೆ. ಹುಡುಗರು ಹಸಿದು ಸಾಯಬಾರದು ಎಂದು ಮಾಡಿದ ನಿಯಮ ಅದು. ಹುಡುಗರು ಅದಕ್ಕೂ ದಾರಿ ಕಂಡುಕೊಂಡರು. ತಿಂಗಳೆಲ್ಲ ಉಪವಾಸ ಬಿದ್ದು ಗೆರೆಯ ತುದಿಗೆ ಬಂದು ನಿಲ್ಲುವುದು, ಹಾರುವ ಮುಂಚೆ ಒಂದು ಲೀಟರ್ ನೀರು ಕುಡಿದು, ಕೆಳಗೆ ಬಂದ ಮೇಲೆ ತೂಕದ ಕೋಣೆಯಲ್ಲಿ ಪಾಸಾಗುವುದು.

"ಸಂತೆಗೆ ಹೊಡೆಯೋ ಹಸುಗೆ ಉಪ್ಪು ತಿನ್ನಿಸಿ ನೀರು ಕುಡಿಸಿದ್ರೆ ಕಳ್ಳ ಅಂತಾರೆ" ಎನ್ನುತ್ತಾಳೆ ಅಜ್ಜಿ. "ಇವನು ಕುಡಿದ್ರೆ ರಾಷ್ಟ್ರಗೀತೆ ಹಾಡ್ತಾರೆ."

ಅಜ್ಜಿ ಎಂದರೆ ನನ್ನ ಮತ್ತು ಲೆನಾರ್ಟ್‌ನ ತಾಯಿ. ಬ್ರಿನಾ ಹುಟ್ಟಿದಾಗಿನಿಂದ ನಾವೆಲ್ಲರೂ ಹಾಗೇ ಕರೆಯುತ್ತೇವೆ. ಅಂದು ಬೆಳಿಗ್ಗೆ ಅವಳು ಕಪ್ಪು ಹಿಟ್ಟಿನ ಮುದ್ದೆ ಮಾಡಿ, ಮೇಲೆ ಹಂದಿ ಕೊಬ್ಬಿನ ಗರಿಗರಿ ತುಣುಕು ಸುರಿದು, ಮಗನ ಮುಂದೆ ಕುಕ್ಕಿದಳು.

"ಬೇಡಮ್ಮ. ನೀರು ಸಾಕು."

"ನಿಮ್ಮಪ್ಪ ಎಂಬತ್ತು ಕಿಲೋ ಇದ್ರು. ಎಂಬತ್ತು ಮೀಟರ್ ಹಾರಿದ್ರು. ಕಿಲೋಗೊಂದು ಮೀಟರ್. ಅದು ಗಂಡಸರ ಲೆಕ್ಕ."

"ಈಗ ಎಂಬತ್ತು ಮೀಟರ್ ಹಾರಿದ್ರೆ ಹಿಮ ಗುಡಿಸೋರೂ ತಲೆ ಎತ್ತಿ ನೋಡಲ್ಲ ಕಣಮ್ಮ."

"ನಂಗೂ ಬೇಡ" ಎಂದಳು ಬ್ರಿನಾ.

"ಯಾಕೆ, ನಿಂಗೂ ಅಧಿಕಾರಿ ಬಂದು ಚಡ್ಡಿ ಅಳೀತಾನಾ?" ಅಜ್ಜಿ ಕೇಳಿದಳು.

ಬ್ರಿನಾ ನಗಲಿಲ್ಲ. ಮಾಮನ ಮುಖವನ್ನೇ ನೋಡುತ್ತಿದ್ದಳು. ಮಾಮ ನೀರಿನ ಲೋಟವನ್ನು ನೋಡುತ್ತಿದ್ದ. ಬಲವಂತ ಮಾಡಲು ನನ್ನ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಒಂದು ಲೋಟ ಹಾಲಿಗೆ ಕದ್ದು ಎರಡು ಚಮಚ ಜೇನು ಕಲಸಿ ಅವಳ ಮುಂದಿಟ್ಟೆ. ಅರ್ಧ ಕುಡಿದಳು. ಅರ್ಧವಾದರೂ ಹೋಯಿತಲ್ಲ.

ಒಂಬತ್ತಕ್ಕೆ ನಾನೂ ಬ್ರಿನಾಳೂ ಪಂದ್ಯ ನಡೆಯುವ ಪ್ಲಾನಿತ್ಸಾ ಕಣಿವೆಗೆ ಹೊರಟೆವು. ದ್ರಾಗೊ ಕತ್ತಲಲ್ಲೇ ಹೋಗಿದ್ದ. ಗುಡ್ಡದ ಹಿಮವನ್ನು ಸ್ಕೀ ಕಟ್ಟಿಕೊಂಡು ಅಡ್ಡಡ್ಡ ತುಳಿದು ಗಟ್ಟಿ ಮಾಡುವ ಐವತ್ತು ಜನರಲ್ಲಿ ಅವನೊಬ್ಬ. ಅಜ್ಜಿ ಬರಲಿಲ್ಲ. ಮಗ ಬೀಳುವುದಿದ್ದರೆ ಟೀವಿಯಲ್ಲಿ ಬೀಳಲಿ, ಆರಿಸಿಬಿಡಬಹುದು ಎನ್ನುತ್ತಾಳೆ.

ಕಣಿವೆಯಲ್ಲಿ ಇಡೀ ದೇಶ ಬಂದು ನಿಂತಿತ್ತು. ತುತ್ತೂರಿ, ಹಸುವಿನ ಗಂಟೆ, ಬೆಳಗ್ಗೆಯೇ ರಮ್ ಬೆರೆಸಿದ ಚಹಾ. ಒಬ್ಬ ಮಂತ್ರಿ ತುಪ್ಪಳದ ಟೋಪಿ ಹಾಕಿಕೊಂಡು, ಪ್ರತಿ ಹಾರಾಟಕ್ಕೂ ತಾನೇ ಹಾರಿದವನಂತೆ ಕೈ ಬೀಸುತ್ತಿದ್ದ. ಪಾದ್ರಿಗಳು ಬೆಳಗಿನ ಪೂಜೆಯಲ್ಲಿ, ಹಾರುವವರನ್ನು ಎತ್ತಿ ಹಿಡಿಯುವ ಎದುರುಗಾಳಿ ಬೇಡಿಕೊಂಡು ನೇರ ಇಲ್ಲಿಗೇ ಬಂದಿದ್ದರು. ಎದುರುಗಾಳಿ ನಾರ್ವೆಯವರ ಸರದಿಗೆ ಬೀಸಿತು. "ದೇವರಿಗೆ ಬಾವುಟ ಗುರುತು ಸಿಗಲ್ಲ ಅನ್ಸುತ್ತೆ" ಎಂದ ನಮ್ಮ ಪಕ್ಕದಲ್ಲಿ ನಿಂತಿದ್ದ ಹಸುವೇಷದವನು. ದಪ್ಪ ಮನುಷ್ಯ. ಎದೆಗೆ ರಬ್ಬರ್ ಕೆಚ್ಚಲು ಕಟ್ಟಿಕೊಂಡಿದ್ದ, ಜಾಗ ತಪ್ಪಿ.

ಮೊದಲ ಸುತ್ತಿನಲ್ಲಿ ಲೆನಾರ್ಟ್ ಇನ್ನೂರ ಇಪ್ಪತ್ತೆಂಟು ಮೀಟರ್ ಹಾರಿದ. ತಂಡ ಎರಡನೇ ಸ್ಥಾನಕ್ಕೆ ಏರಿತು. ತೂಕದ ಕೋಣೆಗೆ ಹೋದ, ನಗುತ್ತ ಹೊರಗೆ ಬಂದ. ಎರಡನೇ ಸುತ್ತಿನಲ್ಲಿ ನಮ್ಮ ತಂಡದ ಕೊನೆಯ ಹಾರಾಟವೂ ಅವನದೇ. ಇನ್ನೂರ ಹದಿನೈದು ದಾಟಿದರೆ ಬೆಳ್ಳಿ ಪದಕ.

ಅವನು ಗುಡ್ಡದ ತುದಿಯಲ್ಲಿ, ಹೊರಡುವ ಅಡ್ಡಪಟ್ಟಿಯ ಮೇಲೆ ಕೂತಾಗ ನೊಣದಷ್ಟು ಕಾಣುತ್ತಿದ್ದ. ಬ್ರಿನಾ ನನ್ನ ಕೈ ಹಿಡಿದಳು. ಅವಳ ಬೆರಳು ತಣ್ಣಗಿತ್ತು, ಗವಸಿನೊಳಗೂ. ಲೆನಾರ್ಟ್ ಪಟ್ಟಿ ಬಿಟ್ಟ, ಜಾರಿದ, ತುದಿಯಲ್ಲಿ ಚಿಮ್ಮಿದ. ಆಮೇಲೆ ಎಂಟು ಸೆಕೆಂಡು ನನಗೆ ತಮ್ಮನೇ ಇರಲಿಲ್ಲ. ಸ್ಕೀ ಎರಡನ್ನೂ ಅಗಲಿಸಿ, ಮೂಗು ಮುಂದೆ ಚಾಚಿ, ಗಾಳಿಯ ಮೇಲೆ ಮಲಗಿದ ಯಾವುದೋ ಉದ್ದನೆಯ ಪ್ರಾಣಿ ನಮ್ಮ ತಲೆಯ ಮೇಲಿಂದ ಇಳಿದು ಬಂತು. ಈ ಆಟಕ್ಕೆ ನಾನು ಎಷ್ಟು ಬೈದರೂ, ಆ ಎಂಟು ಸೆಕೆಂಡು ಬಾಯಿ ಮುಚ್ಚಿಕೊಂಡಿರುತ್ತೇನೆ.

ಇನ್ನೂರ ಮೂವತ್ತೊಂದು!

ಕಣಿವೆ ಬಿರಿಯುವಂತೆ ಜನ ಕೂಗಿದರು. ಮಂತ್ರಿ ಪಾದ್ರಿಯನ್ನು ಅಪ್ಪಿಕೊಂಡ. ಹಸು ನನ್ನನ್ನು ಅಪ್ಪಿಕೊಂಡಿತು. ಲೆನಾರ್ಟ್ ಸ್ಕೀ ಎತ್ತಿ ಹಿಡಿದು ನಮ್ಮ ಕಡೆ ಕೈ ಬೀಸಿ ತೂಕದ ಕೋಣೆಯೊಳಗೆ ಹೋದ. ಬಾಗಿಲು ಮುಚ್ಚಿಕೊಂಡಿತು.

ತೆರೆಯಲು ತಡವಾಯಿತು. ಬ್ಯಾಂಡಿನವರು ಎರಡು ಪೋಲ್ಕಾ ಕುಣಿತದ ಹಾಡು ಬಾರಿಸಿ ಮುಗಿಸಿದರು. ಅಷ್ಟರಲ್ಲಿ ದೊಡ್ಡ ಫಲಕದಲ್ಲಿ ನಮ್ಮ ದೇಶದ ಹೆಸರು ಎರಡನೇ ಸಾಲಿನಿಂದ ಮಾಯವಾಗಿ ಆರನೇ ಸಾಲಿನಲ್ಲಿ ಮೂಡಿತು. ಲೆನಾರ್ಟ್‌ನ ಅಂಕದ ಜಾಗದಲ್ಲಿ ಸೊನ್ನೆ.

ದ್ರಾಗೊ ಬೇಲಿ ಹಾರಿ ಏದುಸಿರು ಬಿಡುತ್ತ ನಮ್ಮ ಬಳಿ ಬಂದ. "ಹೊರಗೆ ಹಾಕಿದ್ರು ಕಣೆ. ತೂಕದಲ್ಲಿ ಸಿಕ್ಕಿಬಿದ್ದ. ಮುನ್ನೂರು ಗ್ರಾಂ."

"ಜಾಸ್ತಿನಾ ಅಪ್ಪಾ?" ಬ್ರಿನಾ ಕೇಳಿದಳು.

"ಕಮ್ಮಿ ಪುಟ್ಟ. ಮುನ್ನೂರು ಗ್ರಾಂ ಕಮ್ಮಿ."

"ಕಮ್ಮಿ ಅಂದ್ರೆ ಒಳ್ಳೇದಲ್ವಾ?"

ದ್ರಾಗೊ ಟೋಪಿ ತೆಗೆದು ಹಿಮ ಕೊಡವಿದ. ಹಸುವೇಷದವನು ತನ್ನ ಅರ್ಧ ತಿಂದ ಸಾಸೇಜನ್ನು ಆಕಾಶಕ್ಕೆ ಎತ್ತಿ, "ಅಯ್ಯೋ ಮುಂಡೇದೇ, ಇದನ್ನ ನುಂಗಿದ್ರೆ ಸಾಕಿತ್ತಲ್ಲೋ!" ಎಂದು ಗೋಳಾಡಿದ. ಸುತ್ತ ಇದ್ದವರು ನಕ್ಕರು. ಕೆಲವರು ಅಳುತ್ತಲೇ ನಕ್ಕರು.

ಲೆನಾರ್ಟ್ ಮೂರು ಗಂಟೆಗೆ ಹಿತ್ತಲ ಬಾಗಿಲಿನಿಂದ ಬಂದ. ಮುಂಬಾಗಿಲಲ್ಲಿ ನೆರೆಹೊರೆಯವರು ಸಂತಾಪಕ್ಕೆ ನಿಂತಿದ್ದರು, ಯಾರೋ ಸತ್ತಂತೆ, ಕೈಯಲ್ಲಿ ವಾಲ್‌ನಟ್ ತುಂಬಿದ ಸಿಹಿರೊಟ್ಟಿ ಹಿಡಿದುಕೊಂಡು. ಅಜ್ಜಿ ರೊಟ್ಟಿಯನ್ನು ಒಳಗೆ ತೆಗೆದುಕೊಂಡು ಜನರನ್ನು ಹೊರಗೇ ಬಿಟ್ಟಳು.

ಅವನು ಅಡುಗೆಮನೆಯ ಬೆಂಚಿನ ಮೇಲೆ ಬೂಟು ಸಮೇತ ಕೂತ. ಕೊನೆಗೆ ಅವನೇ ಬಾಯಿ ಬಿಟ್ಟ.

"ಒಂದ್ ಲೀಟರ್ ಕುಡಿದಿದ್ದೆ. ಮೊದಲ್ನೇ ಸುತ್ತಿಗೆ ಸರಿಯಾಗಿತ್ತು. ಆಮೇಲೆ ಮೇಲೆ ಕಾಯ್ತಾ ಇದ್ದಾಗ ಗಾಳಿ ಅಂತ ಇಪ್ಪತ್ತು ನಿಮಿಷ ನಿಲ್ಲಿಸಿದ್ರು. ತಡ್ಕೊಳ್ಳಕ್ಕಾಗ್ಲಿಲ್ಲ. ಮರದ ಹಿಂದೆ ಹೋದೆ."

"ಆಮೇಲೆ ಮತ್ತೆ ಕುಡೀಬೇಕಿತ್ತಲ್ಲೋ?" ಎಂದ ದ್ರಾಗೊ.

"ಮರ್ತೆ ಭಾವ."

ಅಜ್ಜಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ಅಂದ್ರೆ ದೇಶದ ಬೆಳ್ಳಿ ಪದಕಾನ ಮರದ ಬುಡಕ್ಕೆ ಹೊಯ್ದು ಬಂದೆ."

ಮೊದಲು ದ್ರಾಗೊ ನಕ್ಕ. ಆಮೇಲೆ ನಾನು. ಲೆನಾರ್ಟ್ ತಡೆದುಕೊಳ್ಳಲು ನೋಡಿದ, ಮೂಗಿನಿಂದ ನಗು ಚಿಮ್ಮಿತು, ಹೊಟ್ಟೆ ಹಿಡಿದುಕೊಂಡು ಬಾಗಿದ. ಬಾಗಿದವನು ಹಾಗೇ ಉಳಿದ. ಅವನ ಬೆನ್ನು ಅಲುಗುತ್ತಿತ್ತು. ಅಂಗಿಯ ಮೇಲಿಂದಲೇ ಬೆನ್ನುಮೂಳೆಯ ಒಂದೊಂದು ಮಣಿಯನ್ನೂ ಎಣಿಸಬಹುದಾಗಿತ್ತು. ಅವನು ಹುಟ್ಟಿದಾಗ ನನಗೆ ಹತ್ತು ವರ್ಷ. ಆ ಬೆನ್ನಿಗೆ ನಾನೇ ಎಣ್ಣೆ ಹಚ್ಚಿದ್ದೆ.

ಅಜ್ಜಿ ಒಲೆಯ ಮೇಲಿನ ಪಾತ್ರೆಯಿಂದ ಬಿಸಿ ಷ್ಟ್ರುಕ್ಲಿ ತೆಗೆದು ಅವನ ಮುಂದೆ ಇಟ್ಟಳು. ಬೈಗುಳ ಇಲ್ಲ, ಅಪ್ಪನ ಎಂಬತ್ತು ಕಿಲೋ ಇಲ್ಲ. ಲೆನಾರ್ಟ್ ಮೂಗು ಒರೆಸಿಕೊಂಡು ಒಂದು ತುಂಡು ಬಾಯಿಗಿಟ್ಟ. ನಿಧಾನ ಅಗಿದ. ಇನ್ನೊಂದು. ಆಮೇಲೆ ಫೋರ್ಕು ಕೆಳಗಿಟ್ಟು ಕೈಯಲ್ಲೇ ತಿನ್ನತೊಡಗಿದ, ಬೆಣ್ಣೆ ಮೊಣಕೈಗೆ ಇಳಿಯುವ ಹಾಗೆ. ಇಷ್ಟು ಹಸಿದವನನ್ನು ನಾನು ನನ್ನ ಜೀವಮಾನದಲ್ಲಿ ನೋಡಿರಲಿಲ್ಲ. ದ್ರಾಗೊ ಕಿಟಕಿಯ ಕಡೆ ಮುಖ ತಿರುಗಿಸಿದ.

ಬ್ರಿನಾ ನೋಡಿದಳು. ಬಾಗಿಲ ಬಳಿ ನಿಂತಿದ್ದವಳು ಮಣೆ ಎಳೆದುಕೊಂಡು ಬಂದು ಮಾಮನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಕೂತಳು. ಅವನ ಬಾಯಿಯನ್ನೇ ನೋಡುತ್ತ ತಾನೂ ಉಗುಳು ನುಂಗಿದಳು. ಬಾಯಿ ತೆರೆದಳು, ಮುಚ್ಚಿದಳು.

ನಾನು ಪಾತ್ರೆ ತೊಳೆಯುವುದು ಬಿಟ್ಟು ನಲ್ಲಿ ನಿಲ್ಲಿಸಿದೆ. ಅಜ್ಜಿ ಏನೋ ಹೇಳಲು ಹೊರಟಳು, ಒದ್ದೆ ಕೈಯಲ್ಲೇ ಅವಳ ತೋಳು ಹಿಡಿದೆ. ಲೆನಾರ್ಟ್ ಅಗಿಯುವುದನ್ನು ನಿಲ್ಲಿಸಿ ಬ್ರಿನಾಳ ಕಡೆ ತಿರುಗಿದ.

"ಏನು ಪುಟ್ಟಿ? ಕೇಳು."

ಅವಳು ಜಾಕೆಟ್ಟಿನ ಜಿಪ್ಪನ್ನು ಮೇಲೆ ಕೆಳಗೆ ಎಳೆದಳು. ನನ್ನ ಕಡೆ ಒಮ್ಮೆ ನೋಡಿದಳು. ನಾನು ಹಾಗೇ ನಿಂತಿದ್ದೆ.

"ಮಾಮಾ," ಎಂದಳು, "ಹಸಿವಾಗೋದು ಎಷ್ಟನೇ ದಿನಕ್ಕೆ ನಿಲ್ಲುತ್ತೆ?"