ಸುಮಲತಾ ನುಂಗಿಕೊಂಡ ಉರಿ

ಸುಳ್ಳ ಊರಿನ ಬಸುರಿ ಸುಮಲತಾಗೆ ಎಂಟು ತಿಂಗಳು ತುಂಬಿತ್ತು. ಗುಪ್ತಾಂಗದ ಹತ್ತಿರ ನೀರುಗುಳ್ಳೆಗಳೆದ್ದು ಒಡೆದಿದ್ದವು. ಮೂತ್ರಕ್ಕೆ ಹೋದರೆ ಬೆಂಕಿಯಂಥ ಉರಿ, ಮೇಲೆ ಜ್ವರ. ಗಂಡ ಕಲ್ಲೇಶನ ಎದುರೂ ಹೇಳಿಕೊಳ್ಳಲು ಬಾಯಿ ಬರಲಿಲ್ಲ. ಜ್ವರವನ್ನಷ್ಟೇ ಕಂಡ ಅತ್ತೆ ಹೊಳೆವ್ವ, “ಉಷ್ಣ ಆಗೇತಿ, ಮಜ್ಜಿಗಿ ಕುಡಿ” ಎಂದಳು.

ಪಕ್ಕದ ಮನೆಯ ವಿದ್ಯಾ ಹುಬ್ಬಳ್ಳಿಯಲ್ಲಿ ನರ್ಸ್. ಸುಮಲತಾ ಕಟ್ಟೆಯ ಮೇಲೆ ಕೂರಲಾರದೆ ನಿಂತೇ ಇರುವುದನ್ನು ನೋಡಿ ಒಳಗೆ ಕರೆದಳು.

“ಏನಾಗೇತಿ, ಹೇಳ ತಂಗಿ.”

“ನಾಚಿಕಿ ಬರತೈತ್ರಿ ಅಕ್ಕಾರ. ಮಂದಿ ನನ್ನ ನಡತಿ ಮ್ಯಾಲೆ ಮಾತಾಡ್ತಾರ.” ಅಷ್ಟು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಅಳುತ್ತಲೇ ಎಲ್ಲ ಹೇಳಿದಳು.

“ಹೊಟ್ಯಾಗಿನ ಕೂಸಿಗಿಂತ ಮಂದಿ ದೊಡ್ಡವರಲ್ಲ. ನಾಳೆನ ಡಾಕ್ಟರ್ ಬಾಯಾರ ಕಡೆ ಹೋಗೂನು. ಕಲ್ಲೇಶನೂ ಬರ್ಲಿ.”

ಮರುದಿನ ಕಲ್ಲೇಶನೂ ಜೊತೆಗೆ ಹೋದ. ಡಾಕ್ಟರ್ ವೃಂದಾ ಪರೀಕ್ಷೆ ಮಾಡಿದರು. “ಇದಕ್ಕ ಹರ್ಪಿಸ್ ಅಂತಾರ. ಗುಳಿಗಿ ತಗೊಂಡ್ರ ಗಾಯ ಲಗೂ ಮಾಯತಾವ. ಆದ್ರ ವೈರಸ್ ಮೈಯಾಗ ಉಳೀತದ, ಆಗಾಗ ಮತ್ತ ಗುಳ್ಳಿ ಏಳಬಹುದು. ಹೆರಿಗಿ ಆಗೂವಾಗ ಕೂಸಿಗೆ ಹತ್ತಿದ್ರ ಜೀವಕ್ಕ ಕುತ್ತು. ನಿಮಗ ಮೊದಲನೇ ಸಲ ಬಂದದ, ಹೆರಿಗಿನೂ ಹತ್ರ ಅದ. ಆಪರೇಶನ್ ಮಾಡಿ ಕೂಸು ತಗಿಯೂದ ಛಲೋ.”

ಕಲ್ಲೇಶ ನೆಲ ನೋಡುತ್ತಿದ್ದ. “ಮದುವಿಗಿಂತ ಮೊದಲ ನನಗೂ ಹಿಂಗ ಆಗಿತ್ರಿ. ಈಗ ಗಾಯ ಏನೂ ಇಲ್ಲಲ್ರಿ?”

“ಗಾಯ ಕಾಣದಾಗೂ ಇದು ದಾಟತದ. ಗಾಯ ಇದ್ದಾಗಂತೂ ಗಂಡಹೆಂಡತಿ ಕೂಡಬಾರದು. ಉಳಿದ ಹೊತ್ತಿನ್ಯಾಗ ನಿರೋಧ ಬಳಸ್ರಿ, ಅಂಜಿಕಿ ಪೂರ್ತಿ ಹೋಗದಿದ್ರೂ ಕಡಿಮಿ ಆಗ್ತದ.”

ಮನೆಯಲ್ಲಿ ಹೊಳೆವ್ವ ಕೆಂಡವಾದಳು. “ನಮ್ಮ ಮನೆತನದಾಗ ಇಂಥಾದ್ದಿಲ್ಲ. ಎಲ್ಲಿಂದ ತಂದಿ ಇದನ್ನ? ಹೊಟ್ಟಿ ಕೊಯ್ಸಾಕ ನಾ ಒಪ್ಪೂದಿಲ್ಲ.”

ಸುಮಲತಾ ಗೋಡೆಗೆ ಮುಖ ಮಾಡಿ ನಿಂತಳು. ಕಲ್ಲೇಶ ಸುಮ್ಮನಿದ್ದಿದ್ದರೆ ಅವನ ಮರ್ಯಾದೆ ಉಳಿಯುತ್ತಿತ್ತು. ಆದರೆ ಅವನು ಬಾಯಿಬಿಟ್ಟ.

“ಅವ್ವಾ, ಆಕೀಗೆ ಏನೂ ಅನಬ್ಯಾಡ. ನನ್ನಿಂದ ಹತ್ತೇತಿ. ನಾಚಿಕಿಗೆ ಬಾಯಿ ಮುಚ್ಚಿಕೊಂಡು ಕುಂತಿದ್ದೆ.”

ಹೊಳೆವ್ವ ಒಳಗೆ ಹೋಗಿ ತಾಟಿಗೆ ಅನ್ನ ಬಡಿಸಿಕೊಂಡು ಬಂದಳು. ಆಮೇಲೆ ಸೊಸೆಯ ಹತ್ತಿರ ಹೋಗಿ, “ಒಂದೀಟು ಉಣ್ಣು, ಗುಳಿಗಿ ತಗೋ. ಡಾಕ್ಟರ್ ಹೇಳಿದಂಗ ಆಗ್ಲಿ” ಎಂದಳು.

ಆಪರೇಶನ್ ಆಯಿತು. ಹೆಣ್ಣು ಕೂಸು ಆರೋಗ್ಯವಾಗಿ ಹುಟ್ಟಿತು. ಮುಂದೆ ಮತ್ತೊಮ್ಮೆ ಗುಳ್ಳೆ ಎದ್ದಾಗ ಕಲ್ಲೇಶನೇ ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ದ. ಸುಮಲತಾ ಈಗಲೂ ಅಲ್ಲಿ ತಲೆ ತಗ್ಗಿಸಿಯೇ ಕೂರುತ್ತಾಳೆ. ಆದರೆ ಹೋಗುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಇಂಥ ಗುಳ್ಳೆ ಎದ್ದರೆ ಸುಣ್ಣ ಹಚ್ಚಬೇಡಿ, ಒಬ್ಬರ ಮೇಲೊಬ್ಬರು ತಪ್ಪು ಹೊರಿಸಬೇಡಿ. ಗಂಡಹೆಂಡತಿ ಇಬ್ಬರೂ ಡಾಕ್ಟರಿಗೆ ತೋರಿಸಿ. ಇದೇ ರೋಗ ತುಟಿಯ ಮೇಲೂ ಗುಳ್ಳೆ ಎಬ್ಬಿಸುತ್ತದೆ, ಅಂಥ ಗುಳ್ಳೆ ಇದ್ದವರು ಎಳೆಗೂಸಿಗೆ ಮುತ್ತಿಡಬೇಡಿ. ಬಸುರಿಯಾಗಿದ್ದರೆ ಹೆರಿಗೆಯವರೆಗೆ ಕಾಯದೆ ಹೇಳಿ. ನಾಚಿಕೆಯಾಗುತ್ತದೆ, ನಿಜ. ನಾಚಿಕೊಂಡಾದರೂ ಹೇಳಿಬಿಡಿ.